ಬಾಯಿಗೆ ಬಾರದ ಹೆಸರು

“ಈ ಕಾಫಿ ತಣ್ಣಗಿದೆ. ಎಲ್ಲಿ, ನಿಮ್ಮ ಮಾಲೀಕರನ್ನ ಕರೀರಿ!”

ರಾಜಮ್ಮಣಿ ಇಂಗ್ಲಿಷಿನಲ್ಲಿ ಹೀಗೆ ಜೋರು ಮಾಡಿದಾಗ ಎದುರಿಗೆ ನಿಂತಿದ್ದವನ ಮುಖ ನಿಜವಾಗಿಯೂ ಬಿಳಿಚಿಕೊಂಡಿತು. ಅಲ್ಲಿ ಕಾಫಿಯೂ ಇರಲಿಲ್ಲ, ಹೋಟೆಲೂ ಇರಲಿಲ್ಲ!

ಅದು 2003ರ ಬೇಸಿಗೆ. ಕೊಳ್ಳೇಗಾಲದ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ, ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವುದು ಹೇಗೆ ಎಂದು ಕಲಿಸುವ ತರಬೇತಿ ಶುರುವಾಗಿತ್ತು. ಮೈಸೂರಿನಿಂದ ಬಂದಿದ್ದ ವಿಶಾಲಾಕ್ಷಿ ಮೇಡಂ ಮೊದಲ ದಿನವೇ ಇಬ್ಬಿಬ್ಬರನ್ನು ಜೋಡಿ ಮಾಡಿ, ನೀನು ಗಿರಾಕಿ, ನೀನು ಸಪ್ಲೈಯರ್, ಜಗಳ ಆಡಿ ಎಂದುಬಿಟ್ಟಿದ್ದರು.

ಸಪ್ಲೈಯರ್ ಆದವನು ಸತ್ತೇಗಾಲದ ಜಡೇಸ್ವಾಮಿ. ಪಾಪ, ಅವನ ಬಾಯಲ್ಲಿ ‘ಸಾರಿ’ ಬಿಟ್ಟು ಇನ್ನೊಂದು ಇಂಗ್ಲಿಷ್ ಮಾತು ಹೊರಡಲಿಲ್ಲ. ಕೊನೆಗೆ ಅವಳಿಗೆ ಮಾತ್ರ ಕೇಳುವಂತೆ ಬಗ್ಗಿ, “ಬೇಕಾರೆ ಬಿಸಿ ಮಾಡ್ಕಂಡ್ ಬತ್ತೀನಿ ಕಣ್ರಿ... ಮಾಲೀಕ್ರನ್ನ ಮಾತ್ರ ಕರೀಬ್ಯಾಡಿ” ಅಂದ.

ರಾಜಮ್ಮಣಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲೇ ಏನೋ ಆಗಿಹೋಯಿತು.

ಆದರೆ ನಗುತ್ತಾ ಕೂರುವ ಹಾಗಿರಲಿಲ್ಲ ಅವಳು. ಮುಳ್ಳೂರಿನಲ್ಲಿ ಅವಳ ಅಪ್ಪ ಪುಟ್ಟಮಾದಪ್ಪ ಒಂದೇ ಮಾತಿನಲ್ಲಿ ಎಲ್ಲ ತೀರ್ಮಾನ ಮಾಡಿದ್ದರು. “ಕೆಲ್ಸ ಸಿಕ್ತಾ, ನಿನ್ ಗಂಡ್ನ ನೀನೇ ನೋಡ್ಕ. ಸಿಗ್ನಿಲ್ವಾ, ನಾ ನೋಡಿರೋ ಹನೂರು ಗಂಡಿಗೆ ಊ ಅನ್ನು.”

ಕೆಲಸ ಅಂದರೆ ಯಳಂದೂರಿನಲ್ಲಿ ಹೊಸದಾಗಿ ತೆರೆಯಲಿದ್ದ ಸಂಜೆ ಕ್ಲಾಸಿನದು. ಕೊನೆಯ ಟೆಸ್ಟ್ ಪಾಸಾದರೆ ಮಾತ್ರ ಅದು. ಮೇಡಂ ಹಿಂದೆ ಕೂತು ನೋಡುತ್ತಿರುವಾಗ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕು, ಅದೂ ಬಾಯಿ ತಪ್ಪಿ ಒಂದು ಕನ್ನಡ ಪದವೂ ಬರಬಾರದು.

ವಿದ್ಯಾರ್ಥಿಗಳೋ... ಅವಳಿಗಿಂತ ದೊಡ್ಡವರು. ಟ್ಯಾಕ್ಸಿ ಓಡಿಸುವ ಶಿವನಂಜಯ್ಯ, ನರ್ಸು ಕೆಲಸದವರು, ಅಂಗಡಿಯವರು. ಭರಚುಕ್ಕಿ ಜಲಪಾತದ ಹತ್ತಿರ ಎಳನೀರು ಮಾರುವ ಪುಟ್ಟಮಲ್ಲಮ್ಮನಂತೂ ಫಾರಿನ್ನಿನವರ ಜೊತೆ ವ್ಯಾಪಾರಕ್ಕೆಂದೇ ಬರುತ್ತಿದ್ದಳು. ‘ಟೆನ್ ರುಪೀಸ್, ವೆರಿ ಸ್ವೀಟ್’ ಎನ್ನುವುದರ ಮುಂದಕ್ಕೆ ಅವಳನ್ನು ಕರೆದೊಯ್ಯಲು ಯಾರಿಂದಲೂ ಆಗಿರಲಿಲ್ಲ.

ಟೆಸ್ಟಿನ ಹಿಂದಿನ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಜಡೇಸ್ವಾಮಿ ಪಕ್ಕಕ್ಕೆ ಬಂದು ನಿಂತ. ಎಲ್ಲೋ ನೋಡುತ್ತಾ ಕೇಳಿದ.

“ಬುಧವಾರ ನಮ್ಮಪ್ಪನ್ನ ಮುಳ್ಳೂರಿಗೆ ಕಳುಸ್ಲಾ? ನೀವು ಊ ಅಂದ್ರೆ.”

ಅವಳಿಗೆ ಊ ಅನ್ನಲು ಮೈಯೆಲ್ಲ ಬಾಯಾಗಿತ್ತು. ಆದರೆ ಅವಳ ಬೆನ್ನ ಹಿಂದೆಯೇ ಮುಳ್ಳೂರಿನ ಅವಳ ಬೀದಿಯ ರಾಮಮ್ಮ ಚೀಲ ಹಿಡಿದು ನಿಂತಿದ್ದಳು! ಟೆಸ್ಟಿಗೆ ಮುಂಚೆ ಈ ಸುದ್ದಿ ಅಪ್ಪನ ಕಿವಿಗೆ ಬಿದ್ದರೆ?

ಅವಳು ಏನೂ ಹೇಳದೆ ಬಸ್ಸು ಹತ್ತಿಬಿಟ್ಟಳು. ಕಿಟಕಿಯಿಂದ ನೋಡಿದರೆ ಅವನು ನಿಂತಲ್ಲೇ ನಿಂತಿದ್ದ.

ಹತ್ತಿದ್ದೇನೋ ಸರಿ. ಆದರೆ ಬಸ್ಸು ಊರು ಮುಟ್ಟುವುದರೊಳಗೆ ಅವಳ ಮನಸ್ಸು ಅವನಿಗೆ ಊ ಅಂದಾಗಿತ್ತು. ನಾಳೆ ಟೆಸ್ಟ್ ಮುಗಿದ ಕೂಡಲೇ ಹೇಳಿಬಿಡ್ತೀನಿ... ಅಂದುಕೊಂಡಳು.

ಮಾರನೇ ದಿನದ ಪಾಠ ಬಹಳ ಸುಲಭದ್ದು. ಒಬ್ಬರನ್ನು ಇನ್ನೊಬ್ಬರಿಗೆ ಪರಿಚಯ ಮಾಡಿಸುವುದು. ಮೇಡಂ ಅವಳ ಪಕ್ಕಕ್ಕೆ ಜಡೇಸ್ವಾಮಿಯನ್ನೇ ನಿಲ್ಲಿಸಿದರು. ಅವನು ಅವಳ ಕಡೆ ನೋಡಲೇ ಇಲ್ಲ.

“ಗುಡ್ ಈವ್ನಿಂಗ್. ದಿಸ್ ಈಸ್ ಮೈ ಫ್ರೆಂಡ್. ಹಿಸ್ ನೇಮ್ ಈಸ್...”

ಮುಂದಕ್ಕೆ ಬರಲಿಲ್ಲ.

ಅಯ್ಯೋ... ಏನಾಯ್ತು ನಂಗೆ? ನಿನ್ನೆ ತನಕ ಸಲೀಸಾಗಿ ಕೂಗ್ತಿದ್ದ ಹೆಸರು! ಮತ್ತೆ ಮೊದಲಿನಿಂದ ಶುರು ಮಾಡಿದಳು. ಅಲ್ಲೇ ನಿಂತಿತು. ನಾಲಿಗೆ ಹಲ್ಲಿನ ಹಿಂದೆ ಅಂಟಿಕೊಂಡ ಹಾಗೆ. ಅವಳವ್ವ ವೋಟಿನ ಲಿಸ್ಟ್ ಬರೆಯುವವರು ಬಂದಾಗಲೂ ಗಂಡನ ಹೆಸರು ಹೇಳದೆ ಮಗಳನ್ನು ಮುಂದಕ್ಕೆ ತಳ್ಳುತ್ತಿದ್ದಳು. ಅಪ್ಪನಿಗೆ ಕೆಡುಕಾಗುತ್ತದಂತೆ. ಓದಿದ ರಾಜಮ್ಮಣಿ ಅದಕ್ಕೆ ನಗುತ್ತಿದ್ದಳು. ಈಗ ಬೆವರುತ್ತಿದ್ದಾಳೆ.

ಮೇಡಂ ಪೆನ್ನು ಎತ್ತಿಕೊಂಡರು.

ಜಡೇಸ್ವಾಮಿಗೆ ಎಲ್ಲ ಅರ್ಥವಾಗಿಹೋಯಿತು. ಅಂದರೆ, ಅರ್ಥವಾಯಿತು ಎಂದುಕೊಂಡ. ನನ್ನ ಹೆಸರು ಹೇಳುವುದಕ್ಕೂ ಇವಳಿಗೆ ನಾಚಿಕೆ, ನಿನ್ನೆ ಸುಮ್ಮನಿದ್ದದ್ದೂ ಅದಕ್ಕೇ. “ಐ ಆಮ್ ಜಡೇಸ್ವಾಮಿ, ಫ್ರಮ್ ಸತ್ತೇಗಾಲ,” ಎಂದು ತಾನೇ ಹೇಳಿಕೊಂಡು, ಮೇಡಂಗೆ ತಲೆಬಾಗಿ, ಮೆಟ್ಟಿಲಿಳಿದು ಹೋಗಿಯೇಬಿಟ್ಟ.

ಅವನ ಹಿಂದೆ ಓಡಿದರೆ ಟೆಸ್ಟ್ ಹೋಯಿತು. ಟೆಸ್ಟ್ ಹೋದರೆ ಹನೂರು. ಓಡದಿದ್ದರೆ... ಅವನ ಬಸ್ಸು!

ಹೆಸರು ಯಾಕೆ ಹೇಳಲಿಲ್ಲ ಎಂದು ಮೇಡಂ ಇಂಗ್ಲಿಷಿನಲ್ಲಿ ಕೇಳಿದರು. ಅವಳ ಕಣ್ಣು ತುಂಬಿಕೊಂಡವು.

ಆಗ ಪುಟ್ಟಮಲ್ಲಮ್ಮ ಎದ್ದು ನಿಂತಳು. ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು.

“ಮೇಡಂ... ಶೀ ನೋ ಟೆಲ್. ಹಸ್ಬೆಂಡ್ ನೇಮ್, ನೋ ಟೆಲ್. ಐ ಆಲ್ಸೋ ನೋ ಟೆಲ್.”

ಆಮೇಲೆ ಶಿವನಂಜಯ್ಯ ಗಂಟಲು ಸರಿ ಮಾಡಿಕೊಂಡ. “ಮೈ ವೈಫ್ ಆಲ್ಸೋ ಮೇಡಂ. ಶೀ ಸೇ, ಚಿಲ್ಡ್ರನ್ ಫಾದರ್!”

ನಗು ಎದ್ದಿತು. ನಾಚಿಕೆಯಿಂದ ರಾಜಮ್ಮಣಿಯ ಮುಖ ಕೆಂಪಾಯಿತು, ಆದರೆ ಅವಳೊಳಗಿನ ಟೀಚರಿಗೆ ಎಚ್ಚರವಾಯಿತು. ಮಾತಾಡ್ತಿದ್ದಾರೆ! ಇವರು ತಾವಾಗಿ ಮಾತಾಡ್ತಿದ್ದಾರೆ! ಅವಳು ಸೀಮೆಸುಣ್ಣ ಹಿಡಿದು, ನಿಮ್ಮ ಹೆಂಡತಿ ನಿಮ್ಮನ್ನು ಏನಂತ ಕರೀತಾರೆ, ನೀವು ಅವರನ್ನ ಏನಂತ ಕರೀತೀರಿ ಎಂದು ಇಂಗ್ಲಿಷಿನಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಾ ಹೋದಳು. ಹೊರಗೆ ಹಾರ್ನ್ ಕೇಳಿದಾಗಲೆಲ್ಲ ಅವನ ಬಸ್ಸೇ ಏನೋ ಎಂದು ಜೀವ ಹಾರಿಹೋಗುತ್ತಿತ್ತು. ಆದರೂ ಮುಗಿಸಿದಳು.

ಮೇಡಂ ಕನ್ನಡಕ ತೆಗೆದರು. ಪುಟ್ಟಮಲ್ಲಮ್ಮನ ಬಾಯಲ್ಲಿ ಎಳನೀರಿನ ರೇಟು ಬಿಟ್ಟು ಬೇರೆ ಇಂಗ್ಲಿಷ್ ಕೇಳಿದ್ದು ಇದೇ ಮೊದಲು, ಪಾಸು ಮಾಡಲು ನನಗೆ ಇನ್ನೇನು ಬೇಕು ಎಂದರು. ಆಮೇಲೆ ಮೆಲ್ಲಗೆ, ಕನ್ನಡದಲ್ಲಿ, “ಇನ್ನೂ ಇಲ್ಲೇ ನಿಂತಿದ್ದೀಯಲ್ಲಮ್ಮ” ಅಂದರು.

ಅವಳು ಓಡಿದಳು.

ಬಸ್ ಸ್ಟ್ಯಾಂಡಿನಲ್ಲಿ ಸತ್ತೇಗಾಲದ ಬಸ್ಸು ಹಿಂದಕ್ಕೆ ಸರಿಯುತ್ತಿತ್ತು. ಕಂಡಕ್ಟರ್ ರೈಟ್ ಅಂದಾಗಿತ್ತು. ಕಿಟಕಿಯಲ್ಲಿ ಜಡೇಸ್ವಾಮಿ, ಆ ಕಡೆ ಮುಖ ಮಾಡಿ ಕೂತಿದ್ದಾನೆ. ಒಂದು ಸಲ ಹೆಸರು ಹಿಡಿದು ಕೂಗಿದರೆ ಸಾಕು, ತಿರುಗುತ್ತಾನೆ.

ಬಾಯಿ ತೆರೆದಳು. ಬರಲಿಲ್ಲ. ಈಗಲೂ ಬರಲಿಲ್ಲ!

ಬಸ್ಸು ತಿರುಗಿತು. ಅವಳು ಎರಡೂ ಕೈಯಿಂದ ಬಸ್ಸಿನ ತಗಡು ಬಡಿದು, ಮದುವೆಯಾಗಿ ವರ್ಷಗಳಾದವಳ ಹಾಗೆ ಕೂಗಿದಳು.

“ಏನ್ರೀ... ಇಲ್ನೋಡಿ!”

ಅರ್ಧ ಬಸ್ಸಿನ ಗಂಡಸರು ತಿರುಗಿದರು. ಒಬ್ಬ ಮಾತ್ರ ಎದ್ದು ನಿಂತ. ಅವನ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಅನುಮಾನ, ಆಮೇಲೆ... ಅದಕ್ಕೆ ಹೆಸರಿಲ್ಲ. ಕಂಡಕ್ಟರ್ ಏನೋ ಬೈಯುತ್ತಿದ್ದರೂ ಜಿಗಿದು ಇಳಿದ.

“ಯಾರ್ನ ಕರೆದ್ರಿ?”

“ನಿಮ್ಮನ್ನೇ.”

“ಹಂಗಾರೆ ಅಲ್ಲಿ... ಕ್ಲಾಸಲ್ಲಿ...”

“ಹೇಳಾಕೆ ಬರ್ನಿಲ್ಲ. ನೆನ್ನೆಯಿಂದ ಬತ್ತಾ ಇಲ್ಲ.” ಅವಳು ನೆಲ ನೋಡಿದಳು. “ನಮ್ಮವ್ವನ್ಗೂ ಬರಲ್ಲ.”

ಅವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಕೈಯಲ್ಲಿದ್ದ ಟಿಕೆಟ್ಟನ್ನು ಏನು ಮಾಡುವುದೆಂದು ತೋಚದೆ ಮಡಚಿದ, ಬಿಡಿಸಿದ, ಮತ್ತೆ ಮಡಚಿದ.

“ಟೆಸ್ಟು?”

“ಪಾಸು.”

“ಹಂಗಾರೆ... ಬುಧವಾರ ನಮ್ಮಪ್ಪ ಬರ್ಲಾ?”

ಅವಳು ತಲೆ ಎತ್ತಿದಳು. ಈ ಸಲ ಅಕ್ಕಪಕ್ಕ ಯಾರಿದ್ದಾರೆ ಎಂದು ನೋಡಲಿಲ್ಲ.

“ಬರ್ಲಿ. ಉಂಡ್ಕಂಡೇ ಹೋಗ್ಬೇಕು ಅಂತ ಹೇಳಿ.”