ಏಳದ ಮುಳ್ಳು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ದೊಡ್ಡಬಳ್ಳಾಪುರದ ಠಾಣೆಗೆ ವಿಮಾನ ತರಬೇತಿ ಶಾಲೆಯ ಮುಖ್ಯ ಬೋಧಕ ಭೀಮರಾಜ್ ದೂರು ತಂದರು. ಮೊದಲ ಬಾರಿಗೆ ಒಬ್ಬಳೇ ಹಾರಲು ಹೊರಟಿದ್ದ ವಿದ್ಯಾರ್ಥಿನಿ ಸಿಂಚನಳ ಪುಟ್ಟ ವಿಮಾನ ರನ್‌ವೇ ದಾಟಿ ರಾಗಿ ಹೊಲಕ್ಕೆ ನುಗ್ಗಿತ್ತು. ಹುಡುಗಿಯ ಹಣೆಗೆ ಸಣ್ಣ ಪೆಟ್ಟು, ಅಷ್ಟೇ. ಆದರೆ ರೆಕ್ಕೆಯಡಿಯ ಗಾಳಿಕೊಳವೆಗೆ ಯಾರೋ ಏನನ್ನೋ ತುರುಕಿದ್ದರು.

ಇನ್‌ಸ್ಪೆಕ್ಟರ್ ಸಂಘಮಿತ್ರ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಲಕ್ಷ್ಮಯ್ಯನೊಂದಿಗೆ ಸ್ಥಳಕ್ಕೆ ಹೋದರು. ಪಂಚರೆದುರು ಕೊಳವೆಯಿಂದ ಹೊರಬಂದದ್ದು ಕೃತಕ ರೇಷ್ಮೆ ನೂಲಿನ ಉಂಡೆ. ಅದಕ್ಕೆ ಅರಿಶಿನ ಮೆತ್ತಿಕೊಂಡಿತ್ತು. ಪಂಚನಾಮೆ ಬರೆದು ಅದನ್ನು ಸೀಲು ಮಾಡಿದರು.

ಇದರಿಂದ ಏನಾಗುತ್ತದೆ ಎಂದು ಸಂಘಮಿತ್ರ ಕೇಳಿದರು.

“ಈ ಕೊಳವೆಗೆ ನುಗ್ಗೋ ಗಾಳಿಯಿಂದಲೇ ವೇಗದ ಮುಳ್ಳು ಏಳೋದು ಮೇಡಂ,” ಎಂದರು ಭೀಮರಾಜ್. “ವೇಗ ಐವತ್ತೈದು ನಾಟ್‌ಗೆ ಬಂದಾಗ ಮೂತಿ ಎತ್ತಬೇಕು, ಅದು ವಿ-ಆರ್. ವಿ-ಎಸ್ ಅನ್ನೋ ಕನಿಷ್ಠ ವೇಗಕ್ಕಿಂತ ಕೆಳಗಿಳಿದ್ರೆ ರೆಕ್ಕೆ ಭಾರ ಹೊರಲ್ಲ, ಬಿದ್ದುಹೋಗುತ್ತೆ. ಮುಳ್ಳೇ ಏಳದಿದ್ರೆ ನೆಲದ ಮೇಲೇ ನಿಲ್ಲಿಸಿಬಿಡಬೇಕು.”

ಮೊದಲ ಅನುಮಾನ ಮೆಕ್ಯಾನಿಕ್ ಮುರಳಿಯ ಮೇಲೆ ಬಿತ್ತು. ಬೆಳಿಗ್ಗೆ ತಾನು ಪರೀಕ್ಷಿಸಿದಾಗ ಕೊಳವೆ ಸ್ವಚ್ಛವಾಗಿತ್ತು ಎಂದು ಅವನು ಹೇಳಿದ.

“ಆಮೇಲೆ ಹತ್ತಿರ ಬಂದವರು ಯಾರು?”

“ಸಿಂಚನ ಹೊರಡೋ ಮುಂಚೆ ವಿಮಾನಕ್ಕೆ ಪೂಜೆ ಆಯ್ತಲ್ಲ ಮೇಡಂ. ಅವರಪ್ಪಾನೇ ಮಾಡಿದ್ರು.”

ಸಿಂಚನಳ ತಂದೆ ಸೊಣ್ಣಪ್ಪನ ಮನೆಯಲ್ಲಿ ಎರಡು ಮಗ್ಗ ಓಡುತ್ತಿದ್ದವು. ಇನ್ನೆರಡನ್ನು ಮಗಳ ಶಾಲೆಗಾಗಿ ಮಾರಿದ್ದ. ಲಕ್ಷ್ಮಯ್ಯ ಮಗ್ಗದಡಿಯಿಂದ ಹೆಕ್ಕಿದ ನೂಲಿಗೂ ಉಂಡೆಯ ನೂಲಿಗೂ ಬಣ್ಣ ಒಂದೇ ಇತ್ತು. ಅದನ್ನು ತೋರಿಸಿದಾಗ ಸೊಣ್ಣಪ್ಪ ಮಗ್ಗ ನಿಲ್ಲಿಸಿದ.

“ಮಗಳು ಸಾಯಲಿ ಅಂತ ಮಾಡಿದ್ರಾ?”

“ಇಲ್ಲ ಮೇಡಂ. ದಿನಾ ಊಟಕ್ಕೆ ಕೂತಾಗ ಬಾಯಿಪಾಠ ಒಪ್ಪಿಸ್ತಿದ್ಲು, ಮುಳ್ಳು ಏಳದಿದ್ರೆ ನಿಲ್ಲಿಸ್ಬೇಕು ಅಂತ. ನಿಲ್ಲಿಸ್ತಾಳೆ ಅಂತ್ಲೇ ಮಾಡ್ದೆ.”

“ಅವಳು ಮುಳ್ಳು ನೋಡಿದ್ದು ತಡವಾಗಿ. ಮುಂದಿನ ಚಕ್ರ ಆಗಲೇ ಮೇಲೆದ್ದಿತ್ತು, ನಿಲ್ಲಿಸೋಕೆ ರನ್‌ವೇ ಸಾಲಲಿಲ್ಲ.”

ಸೊಣ್ಣಪ್ಪ ಮಗ್ಗದ ಪಕ್ಕ ಕುಳಿತು ಎಲ್ಲವನ್ನೂ ಹೇಳಿದ.

ಅವನಿಗೆ ಮಗಳು ಹಾರುವುದು ಬೇಡವಾಗಿರಲಿಲ್ಲ. ಪಕ್ಕದಲ್ಲಿ ಮೇಷ್ಟ್ರು ಕೂತಿರುವವರೆಗೆ ಅವನು ನಿಶ್ಚಿಂತೆಯಿಂದಿದ್ದ. ಒಬ್ಬಳೇ ಹೋಗುತ್ತಾಳೆ ಎಂದು ತಿಳಿದ ದಿನದಿಂದ ಅನ್ನ ಸೇರಲಿಲ್ಲ. ಅವಳ ಸಂತೋಷ ನೋಡಿ, ಬೇಡವೆನ್ನಲು ನಾಲಿಗೆಯೂ ಏಳಲಿಲ್ಲ.

ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು. ಜೀಪಿನಲ್ಲಿ ಸೊಣ್ಣಪ್ಪ ಒಂದೇ ಒಂದು ಮಾತು ಕೇಳಿದ, ಮಗಳನ್ನು ಮತ್ತೆ ಹಾರಲು ಬಿಡುತ್ತಾರಾ ಎಂದು. ಮುಂದಿನ ವಾರ ಇನ್ನೊಂದು ವಿಮಾನದಲ್ಲಿ ಕಳಿಸುವುದಾಗಿ ಭೀಮರಾಜ್ ಹೇಳಿದ್ದನ್ನು ಸಂಘಮಿತ್ರ ತಿಳಿಸಿದರು.

“ಆವತ್ತು ನಾನು ಒಳಗಿರ್ತೀನಾ, ಹೊರಗಿರ್ತೀನಾ?”

“ಒಳಗೇ ಇರ್ತೀರ.”

“ಹಂಗಾದ್ರೆ ಒಳ್ಳೇದಾಯ್ತು ಬಿಡಿ ಮೇಡಂ,” ಎಂದ ಸೊಣ್ಣಪ್ಪ.