ಬಾದಾಮಿಗೆ ಹೋಗದ ತೊಲೆ

"ಇಷ್ಟು ಸಣ್ಣ ಬಿರುಕಿಗೆ ಯಾಕ ಹೆದರ್ತೀರಿ, ಮೇಡಮ್ಮಾರ?"

"ಸಣ್ಣದು ಬೆಳೀತದ್ರಿ! ಎಷ್ಟು ಬೆಳೀತದಂತ ಕಂಪ್ಯೂಟರ್ ಹೇಳ್ತದ."

ರಾಚಪ್ಪ ನಕ್ಕ. ಆ ನಗುವಿಗೆ ನೀಲಾಂಬಿಕಾಳ ಕೈಯಿಂದ ಅಳತೆಯ ಟೇಪು ಜಾರಿತು... ಛೆ, ಇದೇನಾಯಿತು ನನಗೆ!

1986ರ ಮಾತು. ಇಳಕಲ್ಲಿನ ಶಿಲ್ಪಿ ರಾಚಪ್ಪನ ಅಂಗಳದಲ್ಲಿ ಬಾದಾಮಿಯ ಧರ್ಮಶಾಲೆಗೆಂದು ಕೆಂಪು ಕಲ್ಲಿನ ತೊಲೆ ಸಿದ್ಧವಾಗುತ್ತಿತ್ತು. ಮೇಲ್ಗಡೆ ಕಮಲ ಕೆತ್ತುತ್ತಿದ್ದರು. ತೊಲೆಯ ಪಕ್ಕೆಯಲ್ಲಿ, ನೆಲದ ಕಡೆಯಿಂದ ಮೇಲಕ್ಕೆ ಹತ್ತಿದ ಬಿರುಕು. ಅದನ್ನು ಪರೀಕ್ಷಿಸಲು ಬಂದವಳು ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜಿನ ಲೆಕ್ಚರರ್ ನೀಲಾಂಬಿಕಾ. ಅಳತೆಯ ನೆವದಲ್ಲಿ ಮತ್ತೆ ಮತ್ತೆ ಬಂದಳು. ಒಂದು ಸಲ ಸಾಕಿತ್ತೆಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು!

ಕಂಪ್ಯೂಟರಿನಲ್ಲಿ ಅವಳು ತೊಲೆಯ ಮೇಲೆ ಸ್ವಲ್ಪ ಸ್ವಲ್ಪವೇ ಭಾರ ಹೇರಿದಳು. ಪ್ರತಿ ಸಲ ಬಿರುಕು ಚೂರು ಮುಂದೆ ಹೋಗುವುದು, ಮತ್ತೆ ಲೆಕ್ಕ. ಕೊನೆಗೆ ಉತ್ತರ ಬಂತು: ತೊಲೆ ಮುರಿಯುತ್ತದೆ.

ವರದಿ ಕಳಿಸುವ ಮೊದಲೇ ರಾಚಪ್ಪನ ತಾಯಿ ಗುರುಲಿಂಗವ್ವ ಮಗನನ್ನು ಕರೆದುಕೊಂಡು ಬಾಗಲಕೋಟೆಯ ವಿದ್ಯಾಗಿರಿಯಲ್ಲಿದ್ದ ನೀಲಾಂಬಿಕಾಳ ಮನೆಗೆ ಹೆಣ್ಣು ಕೇಳಲು ಬಂದಳು. ನೀಲಾಂಬಿಕಾಳ ಮನಸ್ಸು ಕಹಿಯಾಯಿತು.

"ತೊಲಿ ಪಾಸ್ ಮಾಡ್ಲಿ ಅಂತ ಬಂದೀರೇನ್ರಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಚಪ್ಪನ ಮುಖ ಕಪ್ಪಿಟ್ಟಿತು.

"ಏಳ ಬೇ ಯವ್ವಾ, ಹೋಗೂಣು."

ವರದಿಯೂ ಹೋಯಿತು. ಅವನೂ ಹೋದ.

ಮುಂದೊಂದು ದಿನ ವಿದ್ಯಾರ್ಥಿಗಳೊಂದಿಗೆ ಬಾದಾಮಿಯ ಗುಹೆಯಲ್ಲಿ ನಿಂತು ತಲೆಯೆತ್ತಿದಳು. ಚಾವಣಿಯ ಕಮಲ ಕೆಳಗೆ ನೋಡುತ್ತಿತ್ತು. ರಾಚಪ್ಪನ ತೊಲೆಯ ಕಮಲ ಆಕಾಶ ನೋಡುತ್ತಿತ್ತಲ್ಲ... ಕೆತ್ತನೆ ಮುಗಿಯುವ ತನಕ ತೊಲೆಯನ್ನು ಮಗುಚಿ ಮಲಗಿಸಿರುತ್ತಾರೆ! ಏರಿಸಿದ ಮೇಲೆ ಆ ಬಿರುಕು ಮೇಲ್ಬದಿಗೆ ಬರುತ್ತದೆ. ಭಾರ ಬಿದ್ದರೆ ಕೆಳಬದಿ ಹಿಗ್ಗುತ್ತದೆ, ಮೇಲ್ಬದಿ ಒತ್ತಿಕೊಳ್ಳುತ್ತದೆ. ಅಲ್ಲಿ ಬಿರುಕು ಬೆಳೆಯುವುದೇ ಇಲ್ಲ.

ಮತ್ತೆ ಲೆಕ್ಕ ಹಾಕಿದಳು. ತೊಲೆ ಗಟ್ಟಿ! ಇಳಕಲ್ಲಿನ ಬಸ್ಸು ಹತ್ತಿದಳು.

ತೊಲೆ ಅಂಗಳದ ಮೂಲೆಯಲ್ಲಿ ಬಿದ್ದಿತ್ತು.

"ತಪ್ಪು ನಂದ್ರಿ. ಮಗುಚಿ ಇಟ್ಟದ್ದು ನನಗ ತಿಳೀಲಿಲ್ಲ. ನೀವ್ಯಾಕ ಜಗಳಾ ಮಾಡ್ಲಿಲ್ಲ?"

"ಕಂಪ್ಯೂಟರಿಗೆ ನೀವು ಏನು ಹೇಳಿದ್ರೋ ನನಗೇನು ಗೊತ್ತ್ರಿ? ನೀವು ಸುಳ್ಳ ಹೇಳೂದಿಲ್ಲಂತ ಗೊತ್ತಿತ್ತು. ಬ್ಯಾರೆ ತೊಲಿ ಕಳಿಸಿದ್ನಿ."

ಅವಳ ಕಣ್ಣು ತುಂಬಿತು. ನಾನು ಇವನ ಪ್ರೀತಿಯನ್ನೇ ನಂಬಲಿಲ್ಲ. ಇವನು ನನ್ನ ತಪ್ಪನ್ನೂ ನಂಬಿದ...

"ಆವತ್ತಿನ ಮಾತಿಗೂ ತಪ್ಪಾತ್ರಿ... ಅವ್ವಾರನ್ನ ಇನ್ನೊಮ್ಮೆ ಕಳಸ್ರಿ."

"ಅವ್ವ ಬರೂದಿಲ್ರಿ. ಈ ಸಲ ನೀವ ಕೇಳಬೇಕು."

ಅಯ್ಯೋ! ಉಳಿಯ ಸದ್ದು ನಿಂತಿತು. ಕಲ್ಲು ಕೆತ್ತುವವರೆಲ್ಲ ಕಿವಿ ನಿಮಿರಿಸಿ ಕೂತಿದ್ದರು.

"ನನ್ನ ಲಗ್ನಾ ಆಗ್ತೀರೇನ್ರಿ?"

"ಆಗ್ತೇನಿ, ನೀಲಾ... ಆಗ್ತೇನಿ."