ಲೀಟರಿಗೆ ಒಂಬತ್ತು

“ಒಂಬತ್ತು! ಲೇ ಕಾಟಪ್ಪ, ಲೀಟರಿಗೆ ಬರೀ ಒಂಬತ್ತು ಕಿಲೋಮೀಟ್ರಾ?”

ಅಪ್ಪಾಜಿಯ ಕೂಗಿಗೆ ಶಿಲ್ಪಾಳ ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಅವಳು ಕಿಟಕಿಯಿಂದ ಇಣುಕಿದಳು.

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವ ಅವಳ ಅಪ್ಪಾಜಿ ಕಲ್ಲೇಶಪ್ಪನವರು ಕಾರು ಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಮುಂದೆ ಕಟ್ಟಿದ ನಿಂಬೆಹಣ್ಣು ಕೂಡ ಸರಿಯಾಗಿ ಒಣಗಿರಲಿಲ್ಲ. ಶೋರೂಮಿನವನು ಹದಿನೇಳು ಕೊಡುತ್ತೆ ಅಂದಿದ್ದ. ಇದು ನೋಡಿದರೆ ಹೀಗೆ!

“ಉಳಿದ ಪೆಟ್ರೋಲು ಎಲ್ಲೋಯ್ತು? ಪೈಪ್ ಹಾಕಿ ಎಳೆದು ಯಾರಿಗಾದ್ರೂ ಮಾರ್ತಿದೀಯೇನಲೇ?”

“ಅಯ್ಯೋ ಶಿವನೇ! ಒಂದು ಹನಿ ಮುಟ್ಟಿಲ್ಲ ಸಾವ್ಕಾರ್ರೇ,” ಅಂದ ಡ್ರೈವರ್ ಕಾಟಪ್ಪ. ನರೆತ ಮೀಸೆಯ ಆತ ಎರಡೂ ಕೈ ಜೋಡಿಸಿದ.

“ಭಾನುವಾರ ಮೊಳಕಾಲ್ಮೂರಿಗೆ ಹೋಗ್ತೀವಲ್ಲ, ನಾನೇ ಜೊತೇಲಿ ಕೂತು ಅಳೀತೀನಿ. ಕಳ್ಳತನ ಅಂತ ಗೊತ್ತಾದ್ರೆ ಅವತ್ತೇ ಕೆಲಸ ಬಿಡಿಸ್ತೀನಿ!”

ಇಷ್ಟು ರಂಪ ಆಗುತ್ತಿದ್ದಾಗಲೂ ಕಾರು ಅಂಗಳದಲ್ಲಿ ಗುರ್‍ ಅನ್ನುತ್ತಲೇ ಇತ್ತು. ಮಿಲ್ಲಿನ ಹಳೇ ಡೀಸೆಲ್ ಇಂಜಿನ್ನನ್ನು ಶೇಂಗಾ ಹಾಕುವ ಮೊದಲು ಅರ್ಧ ಗಂಟೆ ಬರಿದೇ ಓಡಿಸಿ ಬಿಸಿ ಮಾಡಬೇಕಿತ್ತು. ಅಪ್ಪಾಜಿ ಕಾರಿಗೂ ಅದೇ ಉಪಚಾರ ಮಾಡುತ್ತಿದ್ದರು. ಬೆಳಗ್ಗೆ ಎದ್ದು ಸ್ಟಾರ್ಟ್ ಮಾಡಿದರೆ ಮುಗಿಯಿತು, ಅವರ ಸ್ನಾನ, ಲಿಂಗಪೂಜೆ, ತಿಂಡಿ ಎಲ್ಲ ಆಗುವವರೆಗೂ ಅದು ಹಾಗೇ ಗುರುಗುಟ್ಟುತ್ತಿರಬೇಕು.

ಶಿಲ್ಪಾ ಉಳಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟಳು. ಅವಳದೂ ಒಂದು ಗುಟ್ಟಿತ್ತು.

ಅವಳ ಸ್ಕೂಲು ಪಕ್ಕದ ಬೀದಿಯಲ್ಲೇ ಇತ್ತು. ಬೆಲ್ ಹೊಡೆದರೆ ಮನೆಗೆ ಕೇಳಿಸುತ್ತಿತ್ತು. ಆದರೆ ಹೊಸ ಕಾರಿನಲ್ಲಿ ಇಷ್ಟು ಬೇಗ ಇಳಿದುಬಿಟ್ಟರೆ ಏನು ಚಂದ? “ಕಾಟಪ್ಪಣ್ಣ, ಒಂದೇ ಒಂದು ರೌಂಡ್!” ಅನ್ನುತ್ತಿದ್ದಳು. ಕಾರು ಬಜಾರಿಗೆ ನುಗ್ಗುತ್ತಿತ್ತು. ಅಲ್ಲೋ, ಹೆಜ್ಜೆಗೊಂದು ಎಮ್ಮೆ, ಹೆಜ್ಜೆಗೊಂದು ಬ್ರೇಕ್! ಗೆಳತಿ ತೇಜಶ್ರೀಯ ಮನೆ ಮುಂದೆ ಪಾಂ ಪಾಂ ಎಂದು ಹಾರ್ನ್ ಬೇರೆ. ಸಂಜೆ ಸ್ಕೂಲು ಬಿಡುವ ಅರ್ಧ ಗಂಟೆ ಮೊದಲೇ ಗೇಟಿನ ಹತ್ತಿರ ಎ.ಸಿ. ಹಾಕಿ ನಿಲ್ಲಿಸಿರಬೇಕು. “ನಾನು ಹತ್ತೋ ಹೊತ್ತಿಗೆ ಒಳಗೆ ಊಟಿ ಆಗಿರ್ಬೇಕು!” ಅಂತ ಅಪ್ಪಣೆ.

ಭಾನುವಾರ ಚಿಕ್ಕಮ್ಮನ ಮದುವೆಗೆ ಸೀರೆ ತರಲು ಎಲ್ಲರೂ ಮೊಳಕಾಲ್ಮೂರಿಗೆ ಹೊರಟರು. ಅಪ್ಪಾಜಿ ಟ್ಯಾಂಕು ತುಂಬಿಸಿ, ಮೀಟರ್ ನೋಡಿಕೊಂಡು ಮುಂದೆ ಕೂತರು. ಖಾಲಿ ರಸ್ತೆಯಲ್ಲಿ ಕಾರು ನೀರು ಕುಡಿದಷ್ಟು ಸಲೀಸಾಗಿ ಓಡಿತು. ಸಂಜೆ ವಾಪಸ್ ಬಂದು ಅದೇ ಬಂಕಿನಲ್ಲಿ ಮತ್ತೆ ತುಂಬಿಸಿದರು. ಅಪ್ಪಾಜಿ ಲೆಕ್ಕ ಹಾಕಿ ಕಣ್ಣರಳಿಸಿದರು.

“ಹದಿನೆಂಟು!”

ಸದ್ಯ, ಕಾಟಪ್ಪಣ್ಣ ಬಚಾವ್! ಶಿಲ್ಪಾ ಚಪ್ಪಾಳೆ ತಟ್ಟಲು ಕೈಯೆತ್ತಿದಳು.

“ನೋಡ್ದಾ? ನಾನಿದ್ರೆ ಹದಿನೆಂಟು, ನಾನಿಲ್ದಿದ್ರೆ ಒಂಬತ್ತು. ಇನ್ನೇನು ಸಾಕ್ಷಿ ಬೇಕು? ಕೀ ಕೊಡಲೇ ಇಲ್ಲಿ. ನಾಳೆಯಿಂದ ಬರಬ್ಯಾಡ!”

ಶಿಲ್ಪಾಳ ಕೈ ಅಲ್ಲೇ ಉಳಿಯಿತು. ಕಾಟಪ್ಪ ಕೀಯನ್ನು ಅಂಗಿಗೆ ಒರೆಸಿ ಮುಂದೆ ಹಿಡಿದ. ಶಿಲ್ಪಾ ಅಪ್ಪಾಜಿಯ ಭುಜ ಹಿಡಿದು ಜಗ್ಗಿದಳು.

“ಅಪ್ಪಾಜೀ… ನಿಂತಿರೋ ಕಾರು ಲೀಟರಿಗೆ ಎಷ್ಟು ಕಿಲೋಮೀಟ್ರು ಕೊಡ್ತೈತೆ?”

“ಹುಚ್ಚಿ! ನಿಂತಿರೋ ಕಾರು ಎಲ್ಲಿಂದ ಕೊಡ್ತೈತೆ?”

“ಹಂಗಾದ್ರೆ ಪೆಟ್ರೋಲು ಕುಡಿದಿದ್ದು ನಾನೇ!” ಅಂದವಳೇ ಶಿಲ್ಪಾ ಗೊಳೋ ಅಂತ ಅತ್ತಳು. ಅಳುತ್ತಲೇ ಬಜಾರು, ಎಮ್ಮೆ, ಬ್ರೇಕು, ಊಟಿ ಎಲ್ಲ ಒಂದೇ ಉಸಿರಿಗೆ ಒದರಿದಳು.

ಹಿಂದಿನ ಸೀಟಿನಲ್ಲಿ ಸೀರೆ ಗಂಟು ಹಿಡಿದು ಕೂತಿದ್ದ ಅವ್ವನಿಗೆ ನಗು ತಡೆಯಲಾಗಲಿಲ್ಲ. “ಮಗಳು ಕುಡಿದಿದ್ದು ಅರ್ಧ ಕಣ್ರೀ. ಬೆಳಗ್ಗೆ ನಿಮ್ಮ ಪೂಜೆ ಮುಗಿಯೋ ತನಕ ಅಂಗಳದಾಗೆ ಗುರ್‍ ಅಂತೈತಲ್ಲ, ಅದೇನು ನೀರು ಕುಡೀತಿರ್ತೈತಾ? ಇದು ಕಾರು ಕಣ್ರೀ, ಮಿಲ್ ಇಂಜಿನ್ನಲ್ಲ!”

ಅಪ್ಪಾಜಿ ಮೀಸೆ ತಿರುವಲು ಹೋಗಿ ಕೈ ಇಳಿಸಿದರು. ಕಾಟಪ್ಪನ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು. “ಇಟ್ಕಳಪ್ಪ. ತಪ್ಪಾಯ್ತು ನಂದು. ನಡಿ, ಮನೆಗೆ ಹೋಗಾನ,” ಅಂದರು.

ಸೋಮವಾರ ಬೆಳಗ್ಗೆ ಅಂಗಳದಲ್ಲಿ ಸದ್ದೇ ಇರಲಿಲ್ಲ. ಅಪ್ಪಾಜಿ ಮಿಲ್ಲಿಗೆ ನಡೆದೇ ಹೋಗಿದ್ದರು. ಕಾಟಪ್ಪ ಕಾರಿನ ಗಾಜು ಒರೆಸುತ್ತಿದ್ದ. ಶಿಲ್ಪಾ ಬ್ಯಾಗು ಹಾಕಿಕೊಂಡು ಅವನ ಹತ್ತಿರ ಬಂದು ನಿಂತಳು.

“ಕಾಟಪ್ಪಣ್ಣ, ನೀನ್ಯಾಕೆ ನನ್ನ ಹೆಸರು ಹೇಳ್ಲಿಲ್ಲ?”

“ಹೇಳಿದ್ರೆ ನಿನ್ನ ರೌಂಡು ನಿಂತೋಗ್ತಿತ್ತಲ್ಲವ್ವ,” ಅಂದ ಕಾಟಪ್ಪ, ಗಾಜು ಒರೆಸುತ್ತಲೇ.

ಅಷ್ಟರಲ್ಲಿ ಸ್ಕೂಲಿನ ಬೆಲ್ ಕೇಳಿಸಿತು. ಶಿಲ್ಪಾ ಬೀದಿಗಿಳಿದು ನಡೆದಳು. ತಿರುವು ಸಿಗುವಷ್ಟರಲ್ಲಿ ಹಿಂದಿನಿಂದ ಪಾಂ ಪಾಂ ಎಂದಿತು.

“ಹಾರ್ನಿಗೆ ಪೆಟ್ರೋಲು ಬ್ಯಾಡವ್ವೋ!” ಕಾಟಪ್ಪ ಕೂಗಿದ.

ಶಿಲ್ಪಾ ಹಿಂತಿರುಗಿ ನೋಡದೆ ಕೈ ಎತ್ತಿ ಬೀಸಿದಳು. ಕಣ್ಣು ಒದ್ದೆಯಾಗಿದ್ದು ಅವನಿಗೆ ಕಾಣಬಾರದಿತ್ತು.